ಪೊಲೀಸ್ ತುಕಡಿ ಆಜ್ಞೆ ಪಾಲಿಸಲು ಒಲ್ಲೆನೆಂದಾಗ ಸರ್ಕಾರ ಮಾಡಬೇಕಾದದ್ದು

ಬೆಳಗಿನ ಹಾಜರಿಗೆ ಸಾಲುಗಟ್ಟಿದ 400 ಪೊಲೀಸರು ‘ಸಾವಧಾನ್’ ಎಂಬ ಆಜ್ಞೆ ಕೇಳಿಯೂ ಕದಲದೆ ನಿಂತರೆ ಏನು ಮಾಡಬೇಕೆಂದು ಯಾವ ತರಬೇತಿಯಲ್ಲೂ ನನಗೆ ಹೇಳಿಕೊಟ್ಟಿರಲಿಲ್ಲ. ಗೃಹ ಇಲಾಖೆಯಲ್ಲಿ 31 ವರ್ಷ ಕಡತಗಳ ನಡುವೆ ಕಳೆದೆ. ಅಂಥ ಸುದ್ದಿ ಎರಡು ಸಲ ನನ್ನ ಮೇಜಿಗೆ ಬಂದಿತು. ಎರಡನೆಯ ಸಲ ಸಂಧಾನದ ತಂಡದಲ್ಲಿ ನಾನೂ ಇದ್ದೆ. ಎರಡು ರಾತ್ರಿ ಸಶಸ್ತ್ರ ಮೀಸಲು ಪಡೆಯ ಆವರಣದಲ್ಲೇ ಕಳೆದೆ. ಸ್ಥಳದ ಹೆಸರು ಬರೆಯುವುದಿಲ್ಲ. ಅಂದು ಅಲ್ಲಿದ್ದ ಎಷ್ಟೋ ಮಂದಿ ಇಂದಿಗೂ ಸಮವಸ್ತ್ರದಲ್ಲಿದ್ದಾರೆ. ಅಲ್ಲಿ ಕಲಿತದ್ದನ್ನೂ, ನಂತರ ಬೇರೆ ಬೇರೆ ದೇಶಗಳ ಇಂಥ ಪ್ರಸಂಗಗಳನ್ನು ಓದಿ ತಿಳಿದದ್ದನ್ನೂ ಮುಂದೆ ಆ ಕುರ್ಚಿಯಲ್ಲಿ ಕೂರುವವರಿಗಾಗಿ ಬರೆದಿಡುತ್ತಿದ್ದೇನೆ.

ಹೆಸರಿಡಲು ಅವಸರ ಬೇಡ

ವೈರ್‌ಲೆಸ್‌ನಲ್ಲಿ ಬರುವ ಮೊದಲ ಸಂದೇಶದಲ್ಲಿ ‘ದಂಗೆ’ ಎಂಬ ಪದ ಬಹುತೇಕ ಇದ್ದೇ ಇರುತ್ತದೆ. ಕಳುಹಿಸಿದ ಅಧಿಕಾರಿ ಹೆದರಿರುತ್ತಾನೆ; ತಪ್ಪು ತನ್ನ ತಲೆಗೆ ಬಾರದಿರಲೆಂದು ನಡೆದದ್ದನ್ನು ಹಿಗ್ಗಿಸಿರುತ್ತಾನೆ. ಆ ಪದವನ್ನು ಹಾಗೆಯೇ ಟಿಪ್ಪಣಿಗೆ ಇಳಿಸಿ ಮೇಲಕ್ಕೆ ಕಳುಹಿಸಿದರೆ ಮುಂದಿನ ಆದೇಶಗಳೆಲ್ಲ ಆ ಪದದ ಬೆನ್ನು ಹಿಡಿದೇ ಹೊರಡುತ್ತವೆ.

ನಾನು ಕಂಡ ಮೊದಲ ಪ್ರಸಂಗದಲ್ಲಿ ಪೊಲೀಸರು ಮಾಡಿದ್ದು ಮೆಸ್‌ನ ಊಟ ಬಿಟ್ಟದ್ದು ಮಾತ್ರ. ಪಹರೆ ಬಿಟ್ಟಿರಲಿಲ್ಲ, ಬಂದೂಕು ಮುಟ್ಟಿರಲಿಲ್ಲ. ಸಂದೇಶದಲ್ಲಿ ಮಾತ್ರ ‘ಪಡೆ ದಂಗೆ ಎದ್ದಿದೆ’ ಎಂದಿತ್ತು. ಅದನ್ನು ಓದಿದ ಮೇಲಿನವರು ಪಕ್ಕದ ಜಿಲ್ಲೆಯ ತುಕಡಿಯನ್ನು ಲಾಠಿ, ಗುರಾಣಿಗಳೊಂದಿಗೆ ಕಳುಹಿಸಿದರು. ಗೇಟಿನ ಮುಂದೆ ಲಾರಿಗಳು ಸಾಲಾಗಿ ನಿಂತದ್ದನ್ನು ಕಂಡ ಮೇಲೆಯೇ ಒಳಗಿನವರು ಶಸ್ತ್ರಾಗಾರದ ಬೀಗಕ್ಕೆ ಕೈ ಹಾಕಿದ್ದು. ಬೆಳಿಗ್ಗೆ ಸುಳ್ಳಾಗಿದ್ದ ಮಾತು ಸಂಜೆಗೆ ನಿಜವಾಗಿತ್ತು. ಅದನ್ನು ನಿಜ ಮಾಡಿದ್ದು ನಮ್ಮ ಕಚೇರಿಯ ಒಂದು ಹಾಳೆ.

ಹಾಗಾಗಿ ಸಂದೇಶ ಬಂದೊಡನೆ ಕೇಳಬೇಕಾದದ್ದು ಇಷ್ಟು: ಅವರು ಏನನ್ನು ನಿಲ್ಲಿಸಿದ್ದಾರೆ, ಏನನ್ನು ಇನ್ನೂ ಮಾಡುತ್ತಿದ್ದಾರೆ, ಆಯುಧ ಯಾರ ಕೈಯಲ್ಲಿದೆ, ಅಧಿಕಾರಿಗಳು ಹೊರಗೆ ಓಡಾಡಬಲ್ಲರೇ. ಊಟ ಬಿಡುವುದು, ಒಟ್ಟಾಗಿ ರಜೆ ಹಾಕುವುದು, ಬಂದೋಬಸ್ತ್‌ಗೆ ಹೊರಡದೆ ಬ್ಯಾರಕ್‌ನಲ್ಲೇ ಕೂರುವುದು, ಆಯುಧ ಹಿಡಿದು ಆವರಣವನ್ನು ವಶಕ್ಕೆ ತೆಗೆದುಕೊಳ್ಳುವುದು, ಅಧಿಕಾರಿಗಳನ್ನು ಒತ್ತೆ ಇರಿಸಿಕೊಳ್ಳುವುದು ಇವೆಲ್ಲ ಬೇರೆ ಬೇರೆ ಸಂಗತಿಗಳು. ಮೊದಲ ಮೂರಕ್ಕೆ ಕಮಾಂಡೆಂಟ್ ಮತ್ತು ಒಂದು ಉದ್ದನೆಯ ಬೆಂಚು ಸಾಕು. ಕೊನೆಯ ಎರಡಕ್ಕೆ ಇಡೀ ಸರ್ಕಾರ ಬೇಕು.

ಇನ್ನೊಂದು ಬಗೆಯನ್ನು ಪ್ರತ್ಯೇಕವಾಗಿಯೇ ನೋಡಬೇಕು: ನಿರ್ದಿಷ್ಟವಾದ ಒಂದು ಆಜ್ಞೆಯನ್ನು ಮಾತ್ರ ನಿರಾಕರಿಸುವುದು. 2017ರ ಡಿಸೆಂಬರ್‌ನಲ್ಲಿ ಹೊಂಡುರಾಸ್‌ನ ಚುನಾವಣಾ ಫಲಿತಾಂಶ ವಿವಾದಕ್ಕೆ ಸಿಕ್ಕಿ, ಸರ್ಕಾರ ಕರ್ಫ್ಯೂ ಹೇರಿದಾಗ, ‘ಕೋಬ್ರಾ’ ಎಂಬ ವಿಶೇಷ ಪಡೆಯವರು ನಮ್ಮದೇ ಜನರ ಮೇಲೆ ಕೈ ಮಾಡಲಾರೆವು ಎಂದು ಬ್ಯಾರಕ್‌ಗೆ ಮರಳಿದರು. ಸರ್ಕಾರ ಅವರೊಡನೆ ಮಾತುಕತೆಗೆ ಕುಳಿತು ಮರುದಿನವೇ ಕರ್ತವ್ಯಕ್ಕೆ ಕರೆತಂದಿತು. ಇಂಥಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಸಿಪಾಯಿಯನ್ನಲ್ಲ, ಆಜ್ಞೆಯನ್ನು. ಕಾನೂನಿಗೆ ವಿರುದ್ಧವಾದ ಆಜ್ಞೆಯನ್ನು ಒಲ್ಲೆನೆಂದವನನ್ನು ಬಂಡುಕೋರನೆಂದು ಕರೆಯುವುದು ಅನ್ಯಾಯ. ಈ ಮಾತನ್ನು ಸೇವೆಯಲ್ಲಿದ್ದಾಗ ಸಭೆಯೊಂದರಲ್ಲಿ ಹೇಳಿ ಬೈಗುಳ ತಿಂದಿದ್ದೇನೆ. ಈಗಲೂ ಅದನ್ನೇ ಹೇಳುತ್ತೇನೆ.

ಮೊದಲ ಗಂಟೆಗಳಲ್ಲಿ ಎಣಿಕೆ

ಮಾತಿಗೆ ಮೊದಲು ಲೆಕ್ಕ. ಶಸ್ತ್ರಾಗಾರದ ಬೀಗದ ಕೈ ಯಾರ ಬಳಿ ಇದೆ? ಮದ್ದುಗುಂಡಿನ ವಹಿಯಲ್ಲಿ ನಿನ್ನೆ ಸಂಜೆ ಎಷ್ಟು ಬರೆದಿತ್ತು? ಪಹರೆಯವರಿಗೆ ಎಷ್ಟು ಕೊಟ್ಟಿತ್ತು? ಒಳಗೆ ಎಷ್ಟು ವಾಹನಗಳಿವೆ, ವೈರ್‌ಲೆಸ್ ಸೆಟ್‌ಗಳು ಎಷ್ಟು? ಆವರಣದಲ್ಲಿ ವಸತಿಗೃಹಗಳಿದ್ದರೆ ಹೆಂಗಸರು, ಮಕ್ಕಳು, ವೃದ್ಧರು ಎಷ್ಟು ಮಂದಿ? ಈ ಲೆಕ್ಕವನ್ನು ತರಬಲ್ಲವನು ಎಸ್‌ಪಿಯೂ ಅಲ್ಲ, ಕಾರ್ಯದರ್ಶಿಯೂ ಅಲ್ಲ. ಶಸ್ತ್ರಾಗಾರದ ವಹಿ ಬರೆಯುವ ಮುಖ್ಯಪೇದೆಯನ್ನು ಹುಡುಕಿ. ನಮಗೆ ಆತ ಸಿಕ್ಕಿದ್ದು ರಜೆಯ ಮೇಲೆ ಅಕ್ಕನ ಮನೆಗೆ ಹೋಗಿದ್ದಾಗ. ಫೋನಿನಲ್ಲೇ ಎಲ್ಲವನ್ನೂ ಬಾಯಿಪಾಠದಂತೆ ಒಪ್ಪಿಸಿ, “ಸರ್, ನಮ್ಮ ಹುಡುಗರು ಕೆಟ್ಟವರಲ್ಲ, ಅವಸರ ಮಾಡಬೇಡಿ” ಎಂದ. ಅಂದು ನಮಗೆ ಸಿಕ್ಕ ಗುಪ್ತಚರ ವರದಿಗಳಲ್ಲೆಲ್ಲ ಬೆಲೆಯುಳ್ಳದ್ದು ಆ ಒಂದು ಸಾಲು.

ಲೆಕ್ಕ ಆಗುತ್ತಿರುವಾಗಲೇ ಇನ್ನೊಂದು ತಂಡ ನಗರದ ಕಡೆಗೆ ನೋಡಬೇಕು. ಈ ಪಡೆ ಇಂದು ಕಾಯಬೇಕಾಗಿದ್ದ ಜೈಲು, ಖಜಾನೆ, ಆಸ್ಪತ್ರೆ, ನ್ಯಾಯಾಲಯಗಳನ್ನು ಯಾರು ಕಾಯುತ್ತಾರೆ? ಸರ್ಕಾರಗಳು ಬ್ಯಾರಕ್‌ನ ಗೇಟನ್ನೇ ದಿಟ್ಟಿಸುತ್ತ ಕುಳಿತು ಊರನ್ನು ಮರೆಯುತ್ತವೆ. 1919ರ ಸೆಪ್ಟೆಂಬರ್ 9ರ ಸಂಜೆ ಅಮೆರಿಕದ ಬಾಸ್ಟನ್ ನಗರದಲ್ಲಿ ಸುಮಾರು 1,500 ಮಂದಿ ಗಸ್ತು ಪೊಲೀಸರ ಪೈಕಿ 1,100ಕ್ಕೂ ಹೆಚ್ಚು ಮಂದಿ ಕೆಲಸ ಬಿಟ್ಟು ಹೊರನಡೆದರು. ಮುಷ್ಕರ ಬರುತ್ತದೆಂಬುದು ಎಲ್ಲರಿಗೂ ಗೊತ್ತಿತ್ತು. ಪರಿಸ್ಥಿತಿಯನ್ನು ನಿಭಾಯಿಸುತ್ತೇನೆಂದು ಪೊಲೀಸ್ ಆಯುಕ್ತ ಎಡ್ವಿನ್ ಕರ್ಟಿಸ್ ಭರವಸೆ ಕೊಟ್ಟಿದ್ದರು. ಅದನ್ನು ನಂಬಿ ಮೊದಲ ರಾತ್ರಿಗೆ ರಾಜ್ಯದ ರಕ್ಷಣಾ ಪಡೆಯನ್ನು ಬೀದಿಗೆ ಇಳಿಸಲಿಲ್ಲ. ಆ ರಾತ್ರಿ ಅಂಗಡಿಗಳು ಲೂಟಿಯಾದವು. ಪಡೆ ಬಂದದ್ದು ಮರುದಿನ. ಆ ವೇಳೆಗೆ ಗುಂಪು ರುಚಿ ಕಂಡಿತ್ತು. ಮುಂದೆ ಬಂದ ಸಾವುಗಳಿಗೆ ಮುಷ್ಕರ ಹೂಡಿದವರಷ್ಟೇ ಆ ಖಾಲಿ ರಾತ್ರಿಯೂ ಕಾರಣ.

ಒಳಗೆ ಯಾರು ಹೋಗಬೇಕು

ಸರ್ಕಾರದ ಮುಖ್ಯಸ್ಥರು ಹೋಗಬಾರದು. ಎಷ್ಟೇ ಧೈರ್ಯವಿರಲಿ, ಎಷ್ಟೇ ಜನಪ್ರಿಯರಾಗಿರಲಿ, ಹೋಗಬಾರದು. 2010ರ ಸೆಪ್ಟೆಂಬರ್ 30ರಂದು ಈಕ್ವೆಡಾರ್‌ನಲ್ಲಿ ಭತ್ಯೆಗಳನ್ನು ಮೊಟಕುಗೊಳಿಸುವ ಕಾನೂನಿನ ವಿರುದ್ಧ ಪೊಲೀಸರು ಬಂಡೆದ್ದಾಗ ಅಧ್ಯಕ್ಷ ರಫಾಯೆಲ್ ಕೊರೆಯಾ ತಾವೇ ಕ್ವಿಟೊ ನಗರದ ಪೊಲೀಸ್ ರೆಜಿಮೆಂಟಿಗೆ ಹೋದರು. ಕಿಟಕಿಯಲ್ಲಿ ನಿಂತು, ಕೊರಳಪಟ್ಟಿ ಸಡಿಲಿಸಿ, ನನ್ನನ್ನು ಕೊಲ್ಲಬೇಕಿದ್ದರೆ ಇಲ್ಲಿದ್ದೇನೆ, ಕೊಲ್ಲಿ ಎಂದು ಕೂಗಿದರು. ಅಶ್ರುವಾಯು ಸಿಡಿಯಿತು. ಅಧ್ಯಕ್ಷರು ಪೊಲೀಸ್ ಆಸ್ಪತ್ರೆಯನ್ನು ಸೇರಿ ಗಂಟೆಗಟ್ಟಲೆ ಅಲ್ಲೇ ಸಿಕ್ಕಿಬಿದ್ದರು. ರಾತ್ರಿ ಸೈನ್ಯ ಗುಂಡಿನ ಮಳೆಯ ನಡುವೆ ಅವರನ್ನು ಹೊರತರಬೇಕಾಯಿತು. ಆ ಕಾರ್ಯಾಚರಣೆಯಲ್ಲಿ ಪ್ರಾಣಗಳು ಹೋದವು. ಬೆಳಿಗ್ಗೆ ಭತ್ಯೆಯ ತಕರಾರಾಗಿದ್ದದ್ದು ಸಂಜೆಯ ಹೊತ್ತಿಗೆ ದೇಶದ ಅಧಿಕಾರ ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯಾಗಿಬಿಟ್ಟಿತ್ತು.

ಇನ್ನೂ ಕೆಟ್ಟದ್ದು ಬ್ರೆಜಿಲ್‌ನ ಸೆಆರಾ ರಾಜ್ಯದಲ್ಲಿ ನಡೆಯಿತು. 2020ರ ಫೆಬ್ರುವರಿಯಲ್ಲಿ ಸೊಬ್ರಾಲ್ ಎಂಬಲ್ಲಿ ಪೊಲೀಸರು ಬ್ಯಾರಕ್ ಹಿಡಿದು ಕುಳಿತಾಗ ಸೆನೆಟ್ ಸದಸ್ಯ ಸಿಡ್ ಗೋಮ್ಸ್ ಮಣ್ಣು ಅಗೆಯುವ ಯಂತ್ರ ಏರಿ ಗೇಟಿಗೇ ನುಗ್ಗಿಸಿದರು. ಅವರಿಗೆ ಗುಂಡು ತಗುಲಿತು. ಬದುಕಿ ಉಳಿದರು, ಆದರೆ ಮಾತುಕತೆಯ ದಾರಿ ಇನ್ನಷ್ಟು ದೂರವಾಯಿತು.

ಒಳಗೆ ಹೋಗುವವನಿಗೆ ಮೂರು ಗುಣಗಳಿರಬೇಕು. ಆ ಪಡೆಯವರಿಗೆ ಅವನ ಮುಖ ಗೊತ್ತಿರಬೇಕು. ಈಗಿನ ತಕರಾರಿನಲ್ಲಿ ಅವನ ಕೈ ಇರಬಾರದು. ಸಣ್ಣ ವಿಷಯಗಳನ್ನು ಅಲ್ಲೇ ಒಪ್ಪುವ ಅಧಿಕಾರವಿರಬೇಕು, ದೊಡ್ಡವನ್ನು ಒಪ್ಪುವ ಅಧಿಕಾರ ಇರಬಾರದು. ‘ಕೇಳಿ ಬರುತ್ತೇನೆ’ ಎಂಬ ಮಾತು ಸಂಧಾನದಲ್ಲಿ ಸಿಟ್ಟು ಆರಲು ಹೊತ್ತು ಕೊಡುತ್ತದೆ. ಅಂತಿಮ ಅಧಿಕಾರ ಇರುವವನನ್ನು ಕಳುಹಿಸಿದರೆ ಅವನು ಹೂಂ ಎನ್ನಬೇಕು, ಇಲ್ಲವೇ ಊಹೂಂ ಎನ್ನಬೇಕು. ನಡುವೆ ಉಸಿರಾಡಲು ಜಾಗವೇ ಇರುವುದಿಲ್ಲ.

ನಮ್ಮ ತಂಡವನ್ನು ಒಳಗೆ ಕರೆದೊಯ್ದವರು ಆರು ವರ್ಷದ ಹಿಂದೆ ನಿವೃತ್ತರಾಗಿದ್ದ ಒಬ್ಬ ರಿಸರ್ವ್ ಸಬ್ ಇನ್ಸ್‌ಪೆಕ್ಟರ್, ಅಂದರೆ ಆರ್‌ಎಸ್‌ಐ. ಆ ಪಡೆಯ ಅರ್ಧ ಮಂದಿಗೆ ಕವಾಯತು ಕಲಿಸಿದವರು ಅವರೇ. ಗೇಟಿನ ಬಳಿ ಬಂದೂಕು ಹಿಡಿದು ನಿಂತಿದ್ದ ಹುಡುಗನನ್ನು ನೋಡಿ, “ಏನಪ್ಪಾ, ಬೆಲ್ಟ್ ಎಲ್ಲಿ?” ಎಂದರು. ಆ ಹುಡುಗ ತಲೆ ತಗ್ಗಿಸಿ ಒಳಗೆ ಹೋಗಿ ಬೆಲ್ಟ್ ಕಟ್ಟಿಕೊಂಡು ಬಂದ. ಆ ಕ್ಷಣದಲ್ಲಿ ಈ ಪಡೆ ಇನ್ನೂ ಪಡೆಯಾಗಿಯೇ ಉಳಿದಿದೆ ಎಂದು ನನಗೆ ನಂಬಿಕೆ ಬಂತು.

ಸರ್ಕಾರದ ಕಡೆಯಿಂದ ಒಂದೇ ಬಾಯಿ ಮಾತನಾಡಬೇಕು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೇಟಿನೊಳಗೆ ನಾವು ‘ನಿಮ್ಮ ಮಾತು ಕೇಳುತ್ತೇವೆ’ ಎನ್ನುತ್ತಿರುವಾಗ ಟಿವಿಯಲ್ಲಿ ಯಾರೋ ‘ಎಲ್ಲರನ್ನೂ ವಜಾ ಮಾಡುತ್ತೇವೆ’ ಎಂದರೆ ಸಂಧಾನಕಾರನ ಪ್ರಾಣಕ್ಕೇ ಕುತ್ತು. ಒಳಗಿನವರೂ ಮೊಬೈಲ್ ನೋಡುತ್ತಿರುತ್ತಾರೆ.

ಪಟ್ಟಿ ಬರೆಸಿ

ಇಡೀ ಕೆಲಸದಲ್ಲಿ ನಾನು ಹೆಚ್ಚು ಮಹತ್ವ ಕೊಡುವುದು ಇದಕ್ಕೆ. ಗುಂಪು ಘೋಷಣೆ ಕೂಗಬಲ್ಲದು, ಚೌಕಾಸಿ ಮಾಡಲಾರದು. ಆದ್ದರಿಂದ ಐದು ಮಂದಿಯನ್ನು ಆರಿಸಿ ಕಳುಹಿಸಿ ಎಂದು ಕೇಳಿ. ಆರಿಸುವುದು ಅವರ ಕೆಲಸ. ಇಂಥವನು ಬೇಡ ಎಂದು ನೀವು ಹೇಳಬಾರದು. ಬಂದ ಐವರನ್ನು ಬಂಧಿಸುವುದಿಲ್ಲ ಎಂಬ ಮಾತು ಕೊಟ್ಟು, ಅದನ್ನು ಕೊನೆಯವರೆಗೂ ಉಳಿಸಿಕೊಳ್ಳಬೇಕು. ಪ್ರತಿನಿಧಿಯನ್ನು ಹಿಡಿದು ಜೈಲಿಗೆ ಹಾಕಿದರೆ ಮುಂದಿನ ಸಲ ಯಾರೂ ಪ್ರತಿನಿಧಿಯಾಗಿ ಬರುವುದಿಲ್ಲ; ಬರುವುದು ಗುಂಡು ಮಾತ್ರ.

ಐವರ ಕೈಗೆ ಹಾಳೆ, ಪೆನ್ನು ಕೊಡಿ. ಬೇಡಿಕೆಗಳನ್ನು ಅವರದೇ ಅಕ್ಷರದಲ್ಲಿ ಬರೆಯಲಿ. ಬರೆಯತೊಡಗಿದೊಡನೆ ಮನುಷ್ಯನ ಕೂಗು ತಗ್ಗುತ್ತದೆ. ನಮ್ಮೆದುರು ಕುಳಿತವರು ಮೊದಲ ಸಾಲಿನಲ್ಲಿ ‘ನ್ಯಾಯ ಬೇಕು’ ಎಂದು ಬರೆದು, ಅದನ್ನು ತಾವೇ ಹೊಡೆದುಹಾಕಿ, ‘ವಾರದ ರಜೆ’ ಎಂದು ಬರೆದರು. ಮುಗಿಯುವ ಹೊತ್ತಿಗೆ ಹನ್ನೊಂದು ಸಾಲುಗಳಿದ್ದವು. ವಾರದ ರಜೆ. ಬ್ಯಾರಕ್‌ನ ಹನ್ನೆರಡು ಶೌಚಾಲಯಗಳಿಗೆ ಬಾಗಿಲು. ಬಂದೋಬಸ್ತ್‌ಗೆ ಹೋದಲ್ಲಿ ಮಲಗಲು ಜಾಗ. ಅಧಿಕಾರಿಗಳ ಮನೆಗೆಲಸಕ್ಕೆ ಕಳುಹಿಸಬಾರದು. ಮೆಸ್‌ನ ಲೆಕ್ಕವನ್ನು ಗೋಡೆಗೆ ಅಂಟಿಸಬೇಕು. ಹದಿನಾಲ್ಕು ತಿಂಗಳಿಂದ ಬಾಕಿ ಇರುವ ಪ್ರಯಾಣ ಭತ್ಯೆ. ತಂದೆ ತೀರಿಕೊಂಡ ಸಿಪಾಯಿಗೆ ಎರಡು ದಿನ ರಜೆ ಕೊಡದೆ ಕಾಯಿಸಿದ ಅಧಿಕಾರಿಯ ವರ್ಗಾವಣೆ. ಆಮೇಲೆ ಬಡ್ತಿ, ವೇತನ, ವಸತಿಗೃಹ. ಹನ್ನೊಂದನೆಯದು, ಯಾರ ಮೇಲೂ ಕ್ರಮ ಬೇಡ.

ಆ ಹಾಳೆಯನ್ನು ನಾಲ್ಕಾಗಿ ವಿಂಗಡಿಸಿದೆವು. ಮೊದಲ ಐದು ಕಮಾಂಡೆಂಟರ ಕೈಯಲ್ಲೇ ಇದ್ದವು. ಯಾರ ಅನುಮತಿಯೂ ಬೇಕಿರಲಿಲ್ಲ. ಎರಡಕ್ಕೆ ಇಲಾಖೆ ಸಾಕು. ಮೂರಕ್ಕೆ ಹಣಕಾಸು ಇಲಾಖೆ ಮತ್ತು ಸಚಿವ ಸಂಪುಟ ಬೇಕು. ಒಂದು ಕಾನೂನಿಗೆ ಸೇರಿದ್ದು. ನಾನೂರು ಬಂದೂಕುಗಳ ಎದುರು ಕುಳಿತು ಚರ್ಚಿಸುತ್ತಿದ್ದ ಪಟ್ಟಿಯ ಅರ್ಧ ಭಾಗ ಬಾಗಿಲು, ಚಾಪೆ, ಗೋಡೆಗೆ ಅಂಟಿಸುವ ಚೀಟಿ ಎಂಬುದನ್ನು ಕಂಡಾಗ ನನ್ನ ಕಣ್ಣು ತುಂಬಿಬಂತು. ಅದಕ್ಕಿಂತ ಹೆಚ್ಚು ನೋಯಿಸಿದ್ದು ಮರುದಿನ ತಿಳಿದ ಸಂಗತಿ. ಇದೇ ಬೇಡಿಕೆಗಳ ಮನವಿ ಒಂದು ವರ್ಷದ ಹಿಂದೆ ನಮ್ಮ ವಿಭಾಗಕ್ಕೇ ಬಂದಿತ್ತು. ‘ನಿಯಮಾನುಸಾರ ಕ್ರಮಕ್ಕಾಗಿ’ ಎಂಬ ಷರಾದೊಂದಿಗೆ ಮೂರು ಸಲ ಕೆಳಗೆ ಹೋಗಿ ಮೇಲೆ ಬಂದಿತ್ತು. ಆ ಷರಾದ ಕೆಳಗಿದ್ದ ಒಂದು ಸಹಿ ನನ್ನದು.

ಪಟ್ಟಿಯ ಒಂದು ಪ್ರತಿ ಅವರಲ್ಲಿ, ಒಂದು ನಿಮ್ಮಲ್ಲಿ ಇರಲಿ. ಎರಡಕ್ಕೂ ಎರಡೂ ಕಡೆಯವರ ಸಹಿ ಬೀಳಲಿ. ಸಂಧಾನ ನಡೆಯುವಷ್ಟು ಹೊತ್ತು ಒಳಗಿನ ನೀರು, ಊಟ, ಔಷಧ ನಿಲ್ಲಿಸಬೇಡಿ, ಅಲ್ಲಿ ಮಕ್ಕಳಿರುತ್ತಾರೆ. ಹೆಂಡಂದಿರನ್ನು ಬೆದರಿಸುವ ಅಧಿಕಾರಿಯನ್ನು ಆ ಕ್ಷಣವೇ ಹಿಂದಕ್ಕೆ ಕರೆಸಿ. ಬ್ರೆಜಿಲ್‌ನ ಎಸ್ಪಿರಿಟು ಸಾಂಟು ರಾಜ್ಯದಲ್ಲಿ 2017ರ ಫೆಬ್ರುವರಿಯಲ್ಲಿ ಬ್ಯಾರಕ್‌ಗಳ ಗೇಟಿಗೆ ಅಡ್ಡ ಕುಳಿತವರು ಪೊಲೀಸರ ಹೆಂಡತಿಯರು ಮತ್ತು ಬಂಧುಗಳೇ. ಮುಷ್ಕರ ಹೂಡುವ ಹಕ್ಕು ಗಂಡಂದಿರಿಗೆ ಇರಲಿಲ್ಲ. ದಾರಿ ಕಟ್ಟಿ ಕೂರಲು ಹೆಂಡತಿಯರಿಗೆ ಅಡ್ಡಿಯಿರಲಿಲ್ಲ. ಮೂರು ವಾರ ಪೊಲೀಸರಿಲ್ಲದೆ ಕಳೆದ ಆ ಸಣ್ಣ ರಾಜ್ಯದಲ್ಲಿ ಕೊಲೆಗಳು ನೂರರ ಗಡಿ ದಾಟಿ ಏರಿದವು, ಸೈನ್ಯ ಬೀದಿಗಿಳಿಯಿತು. ಸಂಬಳದ ಚೀಟಿಯ ಅಂಕಿಯನ್ನು ಗಂಡನಿಗಿಂತ ಚೆನ್ನಾಗಿ ಬಲ್ಲವಳು ಮನೆ ನಡೆಸುವವಳು. ಅವಳ ಮಾತನ್ನು ಕೇಳುವ ವ್ಯವಸ್ಥೆ ಸರ್ಕಾರದಲ್ಲಿ ಎಲ್ಲಿದೆ?

ಏನನ್ನು ಕೊಡಬೇಕು, ಯಾವಾಗ ಕೊಡಬೇಕು

ಸಣ್ಣದನ್ನು ಕೂಡಲೇ ಕೊಡಿ. ಬಾಗಿಲನ್ನು ಅದೇ ದಿನ ಕೂರಿಸಿ, ಬಡಗಿ ಬಂದದ್ದು ಎಲ್ಲರ ಕಣ್ಣಿಗೆ ಬೀಳಲಿ. ದೊಡ್ಡದನ್ನು, ಅಂದರೆ ವೇತನವನ್ನು, ಆಯುಧ ಅವರ ಕೈಯಲ್ಲಿರುವಾಗ, ಊರು ಹೊತ್ತಿ ಉರಿಯುತ್ತಿರುವಾಗ ಒಪ್ಪಬೇಡಿ. ಅದು ಜಂಬದ ಮಾತಲ್ಲ, ಲೆಕ್ಕಾಚಾರದ ಮಾತು. 2013ರ ಡಿಸೆಂಬರ್‌ನಲ್ಲಿ ಅರ್ಜೆಂಟೀನಾದ ಕೊರ್ಡೊಬಾ ಪ್ರಾಂತದ ಪೊಲೀಸರು ಕೆಲಸ ನಿಲ್ಲಿಸಿದಾಗ ಅಲ್ಲಿನ ಗವರ್ನರ್ ವಿದೇಶ ಪ್ರವಾಸದಲ್ಲಿದ್ದರು. ಒಂದೇ ರಾತ್ರಿ ನಗರ ಲೂಟಿಯಾಯಿತು. ಅವರು ಧಾವಿಸಿ ಬಂದು ವೇತನ ಏರಿಕೆಗೆ ಒಪ್ಪಿದರು. ಮುಂದಿನ ಒಂದು ವಾರದಲ್ಲಿ ಅದೇ ಬೆಲೆ ಕೇಳುತ್ತ ದೇಶದ ಬಹುಪಾಲು ಪ್ರಾಂತಗಳ ಪೊಲೀಸರು ಹಾಗೆಯೇ ಮಾಡಿದರು. ಲೂಟಿ, ಸಾವುಗಳು ಪ್ರಾಂತದಿಂದ ಪ್ರಾಂತಕ್ಕೆ ಹಬ್ಬಿದವು.

ಹಾಗೆಂದು ಕೊಡದೆ ಉಳಿಯುವುದೂ ಸಲ್ಲದು. ಬ್ರಿಟನ್ ಇದನ್ನು ಒಂದು ವರ್ಷದ ಅಂತರದಲ್ಲಿ ಕಲಿತಿತು. 1918ರ ಆಗಸ್ಟ್ 30ರಂದು ಲಂಡನ್ನಿನ ಸಾವಿರಾರು ಪೊಲೀಸರು ಒಟ್ಟಿಗೆ ಕೆಲಸ ಬಿಟ್ಟಾಗ ಪ್ರಧಾನಿ ಲಾಯ್ಡ್ ಜಾರ್ಜ್ ಎರಡೇ ದಿನದಲ್ಲಿ ವೇತನ ಏರಿಸಿದರು. ಪೊಲೀಸರ ಸಂಘದ ಕೆಲಸಕ್ಕಾಗಿ ವಜಾ ಆಗಿದ್ದ ಟಾಮಿ ಥೀಲ್ ಎಂಬ ಸಿಪಾಯಿಯನ್ನು ಮರಳಿ ಸೇರಿಸಿಕೊಂಡರು. ಸಂಘಕ್ಕೆ ಮಾತ್ರ ಮಾನ್ಯತೆ ಕೊಡಲಿಲ್ಲ. ಬಳಿಕ ಡೆಸ್‌ಬರೋ ಸಮಿತಿ ಕುಳಿತು ಪೊಲೀಸರ ಬದುಕನ್ನು ಅಂಗುಲ ಅಂಗುಲವಾಗಿ ಪರಿಶೀಲಿಸಿ, ವೇತನವನ್ನು ಗಣನೀಯವಾಗಿ ಏರಿಸುವ ಶಿಫಾರಸು ಮಾಡಿತು. 1919ರ ಆಗಸ್ಟ್‌ನಲ್ಲಿ ಸಂಘ ಮತ್ತೆ ಮುಷ್ಕರಕ್ಕೆ ಕರೆ ಕೊಟ್ಟಾಗ ಲಂಡನ್ನಿನಲ್ಲಿ ಹೊರಬಂದವರು ಪಡೆಯ ಒಂದು ಸಣ್ಣ ಪಾಲು ಮಾತ್ರ. ಲಿವರ್‌ಪೂಲ್‌ನಲ್ಲಿ ಪಡೆಯ ಅರ್ಧದಷ್ಟು ಮಂದಿ ಹೊರಬಂದರು. ಹೊರಬಂದವರನ್ನೆಲ್ಲ ವಜಾ ಮಾಡಲಾಯಿತು, ಮತ್ತೆ ಸೇರಿಸಿಕೊಳ್ಳಲಿಲ್ಲ. ಅದೇ ವರ್ಷದ ಪೊಲೀಸ್ ಕಾಯ್ದೆ ಸಂಘವನ್ನು ನಿಷೇಧಿಸಿತು, ಅದರ ಬದಲಿಗೆ ಅಹವಾಲು ಹೇಳಿಕೊಳ್ಳಲು ಪೊಲೀಸ್ ಫೆಡರೇಶನ್ ಎಂಬ ಸಂಸ್ಥೆಯನ್ನು ಕಟ್ಟಿಕೊಟ್ಟಿತು. ಬಾಯಿ ಮುಚ್ಚಿಸುವ ಕಾನೂನಿನಲ್ಲೇ ಇನ್ನೊಂದು ಬಾಗಿಲನ್ನು ತೆರೆದದ್ದು ಬುದ್ಧಿವಂತಿಕೆ. ಆದರೆ ಲಿವರ್‌ಪೂಲ್‌ನ ಆ ಸಿಪಾಯಿಗಳನ್ನು ಒಬ್ಬೊಬ್ಬರ ಕತೆ ಕೇಳದೆ ಹೊರಹಾಕಿದ್ದನ್ನು ನಾನು ಒಪ್ಪುವುದಿಲ್ಲ.

ಬಾಸ್ಟನ್ನಿನಲ್ಲೂ ಹೀಗೆಯೇ ಆಯಿತು. ಮುಷ್ಕರ ಹೂಡಿದವರ ಪೈಕಿ ಯಾರನ್ನೂ ಮರಳಿ ತೆಗೆದುಕೊಳ್ಳಲಿಲ್ಲ. ಅವರ ಜಾಗಕ್ಕೆ ಬಂದ ಹೊಸಬರಿಗೆ ಹೆಚ್ಚಿನ ಸಂಬಳ ಸಿಕ್ಕಿತು, ಸಮವಸ್ತ್ರ ಉಚಿತವಾಗಿ ಸಿಕ್ಕಿತು. ಹಳಬರು ಕೇಳಿದ್ದೂ ಇದನ್ನೇ. ಸಮವಸ್ತ್ರದ ಹಣವನ್ನು ಅವರು ತಮ್ಮ ಜೇಬಿನಿಂದ ಕೊಡಬೇಕಾಗಿತ್ತು, ಠಾಣೆಗಳು ಇಲಿ-ತಿಗಣೆಗಳಿಂದ ತುಂಬಿದ್ದವು. ಸೆಪ್ಟೆಂಬರ್ ಮೊದಲ ವಾರದಲ್ಲೇ ಅದಕ್ಕೆ ಒಪ್ಪಿದ್ದರೆ ಎಂದು ಓದುವಾಗಲೆಲ್ಲ ಅನ್ನಿಸುತ್ತದೆ. ಮೇಯರ್ ನೇಮಿಸಿದ ನಾಗರಿಕರ ಸಮಿತಿ ರಾಜಿಯ ಸೂತ್ರವನ್ನು ಕೊಟ್ಟಿತ್ತು ಕೂಡ, ಆಯುಕ್ತರು ತಳ್ಳಿಹಾಕಿದರು.

ದೊಡ್ಡ ಬೇಡಿಕೆಗೆ ಕೊಡಬೇಕಾದದ್ದು ಸಮಿತಿಯಲ್ಲ, ದಿನಾಂಕ. ಸಮಿತಿ ಇರಲಿ, ಅದರ ವರದಿ ಯಾವ ದಿನ ಬರುತ್ತದೆ, ಆದೇಶ ಯಾವ ದಿನ ಹೊರಡುತ್ತದೆ ಎಂದು ಬರೆಯಿರಿ. ಭಾರತದಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ 1979ರ ಫೆಬ್ರುವರಿಯ ತನ್ನ ಮೊದಲ ವರದಿಯಲ್ಲೇ ಸಿಪಾಯಿಗಳ ವೇತನ, ವಸತಿ, ಅಹವಾಲು ಪರಿಹಾರದ ವಿಷಯವನ್ನು ಎತ್ತಿತ್ತು. ಅದೇ ಮೇ ತಿಂಗಳಲ್ಲಿ ಪಂಜಾಬಿನಿಂದ ಪೊಲೀಸರ ಪ್ರತಿಭಟನೆ ಹೊರಟು ರಾಜ್ಯದಿಂದ ರಾಜ್ಯಕ್ಕೆ ಹಬ್ಬಿತು. ವರದಿ ಕೈಯಲ್ಲಿತ್ತು, ಆದೇಶ ಇರಲಿಲ್ಲ. ಕರ್ನಾಟಕದಲ್ಲಿ 2016ರ ಜೂನ್ 4ಕ್ಕೆ ಪೊಲೀಸರ ಸಾಮೂಹಿಕ ರಜೆಯ ಕರೆ ಬಂದಾಗ ಸಂಘಟಕರ ಮೇಲೆ ರಾಜದ್ರೋಹದ ಪ್ರಕರಣ ಬಿದ್ದದ್ದು ದಿನಗಳೊಳಗೆ. ಆ ಬಳಿಕ ನೇಮಿಸಿದ ಔರಾದ್ಕರ್ ಸಮಿತಿಯ ಶಿಫಾರಸಿನಂತೆ ವೇತನ ಪರಿಷ್ಕರಣೆಯ ಆದೇಶ ಹೊರಟದ್ದು 2019ರಲ್ಲಿ. ಪ್ರಕರಣಕ್ಕೆ ಇದ್ದ ವೇಗ ಪರಿಹಾರಕ್ಕೂ ಇರಬೇಕು ಎಂದು ಕೇಳುವುದು ಅತಿಯಾಸೆಯೇ?

ಸೈನ್ಯವನ್ನು ಕರೆಯುವ ಮೊದಲು

ಕೊಲೆ ನಡೆದಿದ್ದರೆ, ಒತ್ತೆಯಾಳುಗಳಿದ್ದರೆ, ಆಯುಧಗಳು ಊರಿಗೆ ಹೊರಟಿದ್ದರೆ ಕರೆಯಲೇಬೇಕು, ತಡಮಾಡಬಾರದು. ಉಳಿದಂತೆ ಸೈನ್ಯ ಹೊರಗಿರಲಿ. ಅದು ಬಂದಿದೆ ಎಂಬುದು ಒಳಗಿನವರಿಗೆ ಗೊತ್ತಿರಲಿ. ಪಕ್ಕದ ಪೊಲೀಸ್ ತುಕಡಿಯನ್ನು ಮಾತ್ರ ಎಂದೂ ಕಳುಹಿಸಬೇಡಿ. ಅವರಿಗೂ ಅದೇ ಶೌಚಾಲಯ, ಅದೇ ಬಾಕಿ ಭತ್ಯೆ. ಒಂದೋ ಕೈ ಎತ್ತುವುದಿಲ್ಲ, ಇಲ್ಲವೇ ಸೇರಿಕೊಳ್ಳುತ್ತಾರೆ. 2019ರ ನವೆಂಬರ್ 8ರಂದು ಬೊಲಿವಿಯಾದ ಕೊಚಬಾಂಬಾದಲ್ಲಿ ಒಂದು ಪೊಲೀಸ್ ಘಟಕ ತಿರುಗಿಬಿದ್ದದ್ದು ನಗರದಿಂದ ನಗರಕ್ಕೆ ಹಬ್ಬಿ, ಎರಡು ದಿನದಲ್ಲಿ ಅಧ್ಯಕ್ಷ ಎವೊ ಮೊರಾಲೆಸ್ ರಾಜೀನಾಮೆ ಕೊಟ್ಟರು.

ಸೈನ್ಯ ಮತ್ತು ಪೊಲೀಸ್ ಮುಖಾಮುಖಿಯಾದರೆ ಏನಾಗುತ್ತದೆ ಎಂಬುದಕ್ಕೂ ಬೊಲಿವಿಯಾವೇ ಸಾಕ್ಷಿ. 2003ರ ಫೆಬ್ರುವರಿಯಲ್ಲಿ ಸಂಬಳದ ಮೇಲೆ ಹೊಸ ತೆರಿಗೆ ಬಂದಾಗ ಪೊಲೀಸರು ಬಂಡೆದ್ದರು. ಲಾ ಪಾಸ್ ನಗರದಲ್ಲಿ ಅಧ್ಯಕ್ಷರ ಅರಮನೆಯ ಮುಂದಿನ ಚೌಕದಲ್ಲೇ ಎರಡು ಸಮವಸ್ತ್ರಗಳು ಪರಸ್ಪರ ಗುಂಡು ಹಾರಿಸಿಕೊಂಡವು. ಎರಡು ದಿನಗಳಲ್ಲಿ 30ಕ್ಕೂ ಹೆಚ್ಚು ಜನ ಸತ್ತರು. ಕೊನೆಗೆ ತೆರಿಗೆಯನ್ನು ಹಿಂತೆಗೆದುಕೊಂಡರು. ಉತ್ತರ ಪ್ರದೇಶದಲ್ಲಿ 1973ರ ಮೇ ತಿಂಗಳಲ್ಲಿ ಪ್ರಾಂತೀಯ ಸಶಸ್ತ್ರ ಪಡೆ, ಅಂದರೆ ಪಿಎಸಿ, ತಿರುಗಿಬಿದ್ದಾಗ ಸೈನ್ಯ ಅದರ ಶಿಬಿರಗಳನ್ನು ವಶಪಡಿಸಿಕೊಂಡಿತು. ಸುಮಾರು 30 ಪೊಲೀಸರು ಪ್ರಾಣ ಕಳೆದುಕೊಂಡರು. ಜೂನ್‌ನಲ್ಲಿ ಮುಖ್ಯಮಂತ್ರಿ ಕಮಲಾಪತಿ ತ್ರಿಪಾಠಿ ರಾಜೀನಾಮೆ ಕೊಟ್ಟರು. ಬಂಡಾಯ ಅಡಗಿತು, ಸರ್ಕಾರವೂ ಉಳಿಯಲಿಲ್ಲ.

ಒಳಗಿನವರಿಗೆ ಹೊರಬರುವ ದಾರಿಯನ್ನು ತೋರಿಸದೆ ಗಡುವು ಕೊಡಬೇಡಿ. ಇಷ್ಟು ಗಂಟೆಗೆ, ಇಂಥ ಗೇಟಿನಿಂದ, ಆಯುಧವನ್ನು ಇಂಥ ಮೇಜಿನ ಮೇಲಿಟ್ಟು, ರಸೀದಿ ಪಡೆದು ಹೊರಬನ್ನಿ ಎಂದು ಧ್ವನಿವರ್ಧಕದಲ್ಲಿ ಮತ್ತೆ ಮತ್ತೆ ಹೇಳಿಸಿ. ರಸೀದಿ ಮುಖ್ಯ. ಯಾರು ಯಾವ ಬಂದೂಕನ್ನು ಯಾವ ಹೊತ್ತಿನಲ್ಲಿ ಒಪ್ಪಿಸಿದರು ಎಂಬುದಕ್ಕೆ ಅದೊಂದೇ ಪುರಾವೆ. ನಾಳೆ ವಿಚಾರಣೆಯಲ್ಲಿ ನಿರಪರಾಧಿಯನ್ನು ಉಳಿಸುವುದೂ ಅದೇ.

ಕ್ಷಮೆ, ಶಿಕ್ಷೆ

ಕಾಣದ್ದನ್ನು ಕ್ಷಮಿಸಬೇಡಿ. ಢಾಕಾದ ಪೀಲ್‌ಖಾನಾದಲ್ಲಿ 2009ರ ಫೆಬ್ರುವರಿ 25ರಂದು ಗಡಿ ಕಾವಲು ಪಡೆಯಾದ ಬಾಂಗ್ಲಾದೇಶ ರೈಫಲ್ಸ್ ತನ್ನ ಕೇಂದ್ರ ಕಚೇರಿಯಲ್ಲೇ ದಂಗೆ ಎದ್ದಿತು. ಅದು ಪೊಲೀಸ್ ಪಡೆಯಲ್ಲದಿದ್ದರೂ ಇಲ್ಲಿ ಹೇಳಲೇಬೇಕು. ಪ್ರಧಾನಿ ಶೇಖ್ ಹಸೀನಾ ಅದೇ ದಿನ ದಂಗೆಕೋರರ 14 ಪ್ರತಿನಿಧಿಗಳೊಡನೆ ಮಾತನಾಡಿ ಸಾರ್ವತ್ರಿಕ ಕ್ಷಮಾದಾನ ಘೋಷಿಸಿದರು. ಒಳಗೆ ಏನಾಗಿದೆ ಎಂಬುದು ಪೂರ್ತಿ ತಿಳಿದಿರಲಿಲ್ಲ. ಆವರಣ ಕೈಗೆ ಬಂದ ಮೇಲೆ ಸಾಮೂಹಿಕ ಗೋರಿಗಳು ಸಿಕ್ಕವು. ಸತ್ತವರು 74 ಮಂದಿ, ಅವರಲ್ಲಿ 57 ಮಂದಿ ಸೇನಾಧಿಕಾರಿಗಳು. ಕ್ಷಮಾದಾನ ಕೊಲೆಗಾರರಿಗೆ ಅನ್ವಯಿಸದು ಎಂದು ಸರ್ಕಾರ ಆಮೇಲೆ ಹೇಳಬೇಕಾಯಿತು. 2013ರಲ್ಲಿ ಒಂದೇ ತೀರ್ಪಿನಲ್ಲಿ 152 ಮಂದಿಗೆ ಮರಣದಂಡನೆ ವಿಧಿಸಲಾಯಿತು. ಮೊದಲು ಎಲ್ಲರನ್ನೂ ಕ್ಷಮಿಸಿ, ಆಮೇಲೆ ನೂರಾರು ಜನರನ್ನು ಒಟ್ಟಿಗೆ ಶಿಕ್ಷಿಸುವುದರ ನಡುವೆ ಕಳೆದುಹೋಗುವುದು ಒಬ್ಬೊಬ್ಬರ ಹೊಣೆ.

ಬ್ರೆಜಿಲ್‌ನಲ್ಲಿ ಇದರ ಇನ್ನೊಂದು ತುದಿ ಕಾಣುತ್ತದೆ. ಮುಷ್ಕರ ಹೂಡಿದ ಪೊಲೀಸರಿಗೆ ಅಲ್ಲಿನ ಸಂಸತ್ತು ಮತ್ತೆ ಮತ್ತೆ ಕ್ಷಮಾದಾನದ ಕಾನೂನು ಮಾಡುತ್ತ ಬಂದಿತು. ಮುಂದಿನವರು ಅದನ್ನು ಲೆಕ್ಕಕ್ಕೆ ಹಿಡಿದೇ ಹೊರಬಂದರು.

ನಾವು ಹನ್ನೊಂದನೆಯ ಬೇಡಿಕೆಗೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುತ್ತೇನೆ. ಊಟ ಬಿಟ್ಟದ್ದಕ್ಕೆ, ಹಾಜರಿಗೆ ಕದಲದೆ ನಿಂತದ್ದಕ್ಕೆ, ಘೋಷಣೆಗೆ ಕ್ರಮವಿಲ್ಲ. ಬೀಗ ಒಡೆದದ್ದಕ್ಕೆ, ಅಧಿಕಾರಿಯ ಮೇಲೆ ಕೈ ಮಾಡಿದ್ದಕ್ಕೆ ವಿಚಾರಣೆಯಿದೆ. ಹೆಸರು ಹಿಡಿದು, ಸಾಕ್ಷ್ಯ ಹಿಡಿದು. ಇಡೀ ಪಡೆಯ ಮೇಲೆ ಸಾರಾಸಗಟು ಕ್ರಮವಿಲ್ಲ. ಐವರೂ ಆ ಹಾಳೆಯನ್ನು ಎರಡು ಸಲ ಓದಿದರು. ಅವರಲ್ಲಿ ಹಿರಿಯವನು, “ಇಷ್ಟು ಸಾಕು ಸರ್, ಆದರೆ ವಿಚಾರಣೆ ಅದೇ ಅಧಿಕಾರಿ ಮಾಡಬಾರದು” ಎಂದ. ನ್ಯಾಯವಾದ ಮಾತು. ಬೇರೆ ವಲಯದವರನ್ನು ನೇಮಿಸಿದೆವು.

ಭಾರತದ ಸಂವಿಧಾನದ 311ನೆಯ ವಿಧಿ ವಿಚಾರಣೆಯಿಲ್ಲದೆ ಸರ್ಕಾರಿ ನೌಕರನನ್ನು ವಜಾ ಮಾಡಬಾರದು ಎನ್ನುತ್ತದೆ. ವಿಚಾರಣೆ ನಡೆಸುವುದು ಸಾಧ್ಯವೇ ಇಲ್ಲವೆಂದಾದರೆ ಕಾರಣವನ್ನು ಬರೆದಿಟ್ಟು ಅದನ್ನು ಬಿಡಬಹುದು ಎಂದೂ ಹೇಳುತ್ತದೆ. 1979ರ ಜೂನ್‌ನಲ್ಲಿ ಆಗ ಬಿಹಾರದಲ್ಲಿದ್ದ ಬೊಕಾರೊದಲ್ಲಿ ಕೇಂದ್ರ ಕೈಗಾರಿಕಾ ಭದ್ರತಾ ಪಡೆ ಶಿಬಿರವನ್ನು ಹಿಡಿದು ಕುಳಿತಾಗ ಸೈನ್ಯದೊಂದಿಗೆ ಗುಂಡಿನ ಕಾಳಗ ನಡೆಯಿತು. ಬಳಿಕ ಹಲವರನ್ನು ವಿಚಾರಣೆಯಿಲ್ಲದೆಯೇ ತೆಗೆದರು. ಸುಪ್ರೀಂ ಕೋರ್ಟ್ 1985ರ ತುಳಸಿರಾಂ ಪಟೇಲ್ ಪ್ರಕರಣದಲ್ಲಿ ಆ ಅಧಿಕಾರವನ್ನು ಎತ್ತಿಹಿಡಿಯಿತು. ಅಧಿಕಾರ ಇದೆ ಎಂಬುದು ನಿಜ. ಅದನ್ನು ಪೊರಕೆಯಂತೆ ಬಳಸಬಾರದು. ಪ್ರತಿ ಹೆಸರಿನ ಮುಂದೆ ಈ ಮನುಷ್ಯನ ವಿಚಾರಣೆ ಏಕೆ ಸಾಧ್ಯವಿಲ್ಲ ಎಂದು ನಿಮ್ಮ ಕೈಯಿಂದಲೇ ಒಂದು ವಾಕ್ಯ ಬರೆಯಿರಿ. ಬರೆಯಲು ಪೆನ್ನು ಏಳದಿದ್ದರೆ ಆ ಹೆಸರನ್ನು ಪಟ್ಟಿಯಿಂದ ತೆಗೆಯಿರಿ.

ವಿಚಾರಣೆ ಮೇಲಿನವರಿಗೂ ಇರಬೇಕು. ಮನವಿಯನ್ನು ಮೂರು ಸಲ ಹಿಂದಿರುಗಿಸಿದ ಕಚೇರಿಯ ಹೆಸರು ವರದಿಯಲ್ಲಿ ಬರಲೇಬೇಕೆಂದು ಹಟ ಹಿಡಿದೆ. ಬಂದಿತು, ನನ್ನ ಹೆಸರಿನೊಂದಿಗೆ.

ತೊಂಬತ್ತನೆಯ ದಿನ

ಪಡೆ ಕರ್ತವ್ಯಕ್ಕೆ ಮರಳಿದ ದಿನ ಪತ್ರಿಕೆಗಳು ಹೊರಟುಹೋಗುತ್ತವೆ, ಸಚಿವರು ಬೇರೆ ವಿಷಯಕ್ಕೆ ತಿರುಗುತ್ತಾರೆ. ಕ್ಯಾಲೆಂಡರಿನಲ್ಲಿ ತೊಂಬತ್ತನೆಯ ದಿನಕ್ಕೆ ಅಂದೇ ಗುರುತು ಹಾಕಿ. ಆ ದಿನ ಸಂಧಾನಕ್ಕೆ ಹೋದವರೇ ಮತ್ತೆ ಹೋಗಬೇಕು, ಅದೇ ಹಾಳೆ ಹಿಡಿದು.

ನಾವು ಹೋದಾಗ ದರ್ಬಾರ್, ಅಂದರೆ ಪಡೆಯವರು ಅಧಿಕಾರಿಗಳೆದುರು ಅಹವಾಲು ಹೇಳಿಕೊಳ್ಳುವ ಸಭೆ, ಕರೆದಿದ್ದರು. ನಿವೃತ್ತ ಆರ್‌ಎಸ್‌ಐ ಅವರೂ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಹನ್ನೊಂದು ಸಾಲುಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದೆ. ವಾರದ ರಜೆಯ ಪಟ್ಟಿ ಗೋಡೆಯ ಮೇಲಿತ್ತು, ಮೆಸ್‌ನ ಲೆಕ್ಕವೂ ಇತ್ತು. ಮನೆಗೆಲಸಕ್ಕೆ ಹೋಗುತ್ತಿದ್ದವರೆಲ್ಲ ಮರಳಿದ್ದರು. ಪ್ರಯಾಣ ಭತ್ಯೆ ಒಂಬತ್ತು ತಿಂಗಳದ್ದು ಬಂದಿತ್ತು, ಐದು ತಿಂಗಳದ್ದು ಉಳಿದಿತ್ತು. ಶೌಚಾಲಯಗಳ ಪೈಕಿ ಹತ್ತಕ್ಕೆ ಬಾಗಿಲು ಕೂತಿತ್ತು. “ಇನ್ನೆರಡು?” ಎಂದು ಕಮಾಂಡೆಂಟರನ್ನು ಎಲ್ಲರೆದುರೇ ಕೇಳಿದೆ. ಶುಕ್ರವಾರದೊಳಗೆ ಎಂದರು. ಹಾಳೆಯ ಅಂಚಿನಲ್ಲಿ ಆ ಶುಕ್ರವಾರದ ದಿನಾಂಕವನ್ನು ಬರೆದು ಅವರ ಸಹಿ ಪಡೆದೆ, ವೇತನ ಮತ್ತು ಬಡ್ತಿಯ ಕಡತಗಳು ಯಾವ ಮೇಜಿನ ಮೇಲಿವೆ ಎಂದು ಓದಿ ಹೇಳಿದೆ, ಮುಂದಿನ ಭೇಟಿಯ ದಿನವನ್ನು ಕಪ್ಪುಹಲಗೆಯ ಮೇಲೆ ಬರೆದು ಕೆಳಗಿಳಿದೆ.